ಹೊರಗೆ ಒಂದೇ ಅಳತೆ

"ಕೈ ಒಳಗೆ ಹಾಕಮ್ಮ, ಹೆದರಬೇಡ. ಅದು ಕಚ್ಚಲ್ಲ. ಕಚ್ಚೋದನ್ನೆಲ್ಲ ಆಗ್ಲೇ ಕಚ್ಚಿ ಮುಗಿಸಿದೆ."

ಶ್ರೀಮತಿ ಯಾಪ್ ಹೀಗೆಂದಾಗ ಇನ್ಸ್‌ಪೆಕ್ಟರ್ ಲಿಗಾಯಾ ಮಗ್ಬನುವಾ ಮಂಡಿಯೂರಿ, ಹರಿದು ಬಾಯಿ ತೆರೆದುಕೊಂಡಿದ್ದ ಪೈಪಿನೊಳಗೆ ಬೆರಳು ಚಾಚಿದಳು. ಸಾನ್ ಟೆಲ್ಮೊ ಸಕ್ಕರೆ ಕಾರ್ಖಾನೆಯ ಒಂದನೇ ಬಾಯ್ಲರಿಗೆ ಕುದಿನೀರು ತಳ್ಳುತ್ತಿದ್ದ ಈ ಪೈಪು ಸಿಡಿದು ಫಿಟ್ಟರ್ ದಾದೊ ಪಬೊನ್ ಬೆಂದು ಸತ್ತಿದ್ದ; ಪೈಪು ಮಾರಿದ ತಪ್ಪಿಗೆ ಯಾಪ್ ಅಂಗಡಿಯ ಗಾಜುಗಳೆಲ್ಲ ಊರವರ ಕಲ್ಲಿಗೆ ಪುಡಿಯಾಗಿದ್ದವು.

ಒಳಗೆ ಕಬ್ಬಿಣ ತಣ್ಣಗಿತ್ತು. ಬೆಸುಗೆ ಹಾಕಿದ ಜಾಗದಲ್ಲಿ ಲಿಗಾಯಾಳ ಬೆರಳು ಎಡವಿತು.

"ಏನು ಸಿಕ್ತು?"

"ಹೊಸ್ತಿಲಿದ್ದ ಹಾಗಿದೆ. ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು."

"ಹ್ಞಾಂ! ಈಗ ಅದೇ ಜಾಗಾನ ಹೊರಗಿಂದ ಸವರು."

ಹೊರಗೆ ಹೊಸ್ತಿಲಿರಲಿಲ್ಲ. ಬೆಸುಗೆಯ ಗೆರೆಯೊಂದನ್ನು ಬಿಟ್ಟರೆ ಆಚೆ ತಿರುವಿಗೆ ಹಾಕಿದ ಬಾಗಿದ ತುಂಡು, ಅಂದರೆ ಬೆಂಡೂ, ಈಚೆಯ ಪೈಪೂ ಒಂದೇ ಅಚ್ಚಿನವು ಎನ್ನುವ ಹಾಗೆ ಸಮವಾಗಿದ್ದವು.

ಯಾಪ್ ಮುದುಕಿ ಲುಂಗಿಯಂಥ ತನ್ನ ದೊಗಲೆ ಪ್ಯಾಂಟನ್ನು ಮೇಲೆಳೆದುಕೊಂಡು ಪಕ್ಕದ ಪಂಪಿನ ಕಟ್ಟೆಯ ಮೇಲೆ ಕುಳಿತಳು. ಹಣೆಯ ಮೇಲೆ ಗಾಜಿನ ಚೂರು ಗೀರಿದ ಗಾಯ ಇನ್ನೂ ಹಸಿಯಾಗಿತ್ತು. "ಇದನ್ನ ಏನಂತಾರೆ? ಆರಿಂಚಿನ ಪೈಪು ಅಂತಾರೆ. ಅಳೆದು ನೋಡು. ಹೊರಗೆ ಆರೂವರೆಗಿಂತ ಜಾಸ್ತಿ ಇದೆ. ಆರಿಂಚು ಅನ್ನೋದು ಕರೆಯೋ ಹೆಸರು ಅಷ್ಟೆ. ನಿನ್ನ ಹೆಸರು ಲಿಗಾಯಾ, ಅಂದ್ರೆ ಸಂತೋಷ. ಮುಖ ನೋಡಿದ್ರೆ ಯಾರಾದ್ರೂ ಹೇಳ್ತಾರಾ?"

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಬೋಯೆಟ್ ನಗು ತಡೆಯಲು ಕೆಮ್ಮಿದ. ಲಿಗಾಯಾ ನಗಲಿಲ್ಲ.

"ದಪ್ಪದ ವಿಷಯ ಹೇಳಿ."

"ಅದಕ್ಕೇ ಬಂದೆ. ಗೋಡೆಯ ದಪ್ಪಕ್ಕೆ ನಂಬರು ಕೊಡ್ತಾರೆ, ಶೆಡ್ಯೂಲ್ ಅಂತಾರೆ. ನಲವತ್ತು ಅಂದ್ರೆ ಸಾಧಾರಣದ್ದು. ಎಂಬತ್ತು ಅಂದ್ರೆ ದಪ್ಪದ್ದು. ನಂಬರು ಏರಿದ ಹಾಗೆ ಗೋಡೆ ಒಳಗಡೆಗೇ ಬೆಳೆಯುತ್ತೆ. ನೀರು ಹೋಗೋ ತೂತು ಸಣ್ಣದಾಗುತ್ತೆ. ಹೊರಗೆ ಮಾತ್ರ ಕೂದಲೆಳೆಯಷ್ಟೂ ಹೆಚ್ಚಲ್ಲ. ಹೊರಗಿನ ಅಳತೆ ಬದಲಾದ್ರೆ ಬೆಂಡು, ಕ್ಲಾಂಪು ಒಂದೂ ಕೂರಲ್ಲ ನೋಡು."

"ಅಂದ್ರೆ ಹಾಕಿದ ಮೇಲೆ ನಲವತ್ತು ಯಾವುದು, ಎಂಬತ್ತು ಯಾವುದು, ಹೊರಗಿಂದ ಗೊತ್ತಾಗಲ್ಲ."

"ದೇವರಿಗೂ ಗೊತ್ತಾಗಲ್ಲ. ತುದಿ ನೋಡ್ಬೇಕು, ಇಲ್ಲಾ ಎತ್ತಿ ನೋಡ್ಬೇಕು."

ಲಿಗಾಯಾ ದಪ್ಪ ಅಳೆಯುವ ವರ್ನಿಯರನ್ನು ಕೈಗೆತ್ತಿಕೊಂಡಳು. ಹರಿದ ಅಂಚಿನಲ್ಲಿ ಲೋಹ ಹಪ್ಪಳದಷ್ಟು ತೆಳ್ಳಗಾಗಿತ್ತು. ಮುದುಕಿ ತಲೆಯಾಡಿಸಿದಳು. "ಅಲ್ಲಿ ಬೇಡ. ಪಂಪಿನಿಂದ ನುಗ್ಗೋ ನೀರು ಆ ಮಗ್ಗುಲನ್ನ ದಿನಾ ಒಂದಿಷ್ಟು ಸವೆಸಿದೆ. ಎದುರು ಮಗ್ಗುಲಲ್ಲಿ ಅಳೆ. ನೀರು ಮುಟ್ಟಿಸ್ಕೊಳ್ಳದ ಕಡೆ ಹುಟ್ಟಿದಾಗಿನ ದಪ್ಪ ಉಳಿದಿರುತ್ತೆ."

ಎದುರು ಮಗ್ಗುಲು ಏಳು ಮಿಲಿಮೀಟರ್ ತೋರಿಸಿತು. ಸುತ್ತಲೂ ಒಂದಿಷ್ಟು ಕಡೆ ಅಳೆದಳು. ಏಳೇ.

"ಎಂಬತ್ತಾಗಿದ್ರೆ ಹನ್ನೊಂದು ಇರ್ಬೇಕಿತ್ತು," ಎಂದಳು ಯಾಪ್. ಅವಳ ದನಿಯಲ್ಲಿದ್ದ ತಮಾಷೆ ಇಳಿದುಹೋಗಿತ್ತು. "ಎಂಬತ್ತು ಆಗಿದ್ರೆ ನೀರು ತಿನ್ನೋಷ್ಟು ತಿಂದ್ರೂ ಇನ್ನೂ ಎಷ್ಟೋ ವರ್ಷ ತಾಳ್ತಿತ್ತು. ಇದಕ್ಕೆ ತಿನ್ನಿಸ್ಕೊಳ್ಳೋಕೆ ಮೈಯೇ ಇರ್ಲಿಲ್ಲ."

ಲಿಗಾಯಾ ಎದ್ದು ನಿಂತಳು. ಸಂಜೆಯೊಳಗೆ ಈ ಹೆಂಗಸನ್ನು ಬಂಧಿಸಿ ಕರೆತರಬೇಕೆಂದು ಬಾಕೊಲೋದ್ ನಗರದ ಮೇಲಧಿಕಾರಿ ಬೆಳಿಗ್ಗೆಯೇ ಹೇಳಿದ್ದರು. ಅಪಘಾತದ ದಿನದಿಂದ ಅರೆಯುವಿಕೆ ನಿಂತು, ಹೊರಗಿನ ರಸ್ತೆಯಲ್ಲಿ ಕಬ್ಬು ತುಂಬಿದ ಲಾರಿಗಳು ಒಣಗುತ್ತಿದ್ದವು. ಎರಡನೇ ಬಾಯ್ಲರನ್ನಾದರೂ ಇವತ್ತು ಹೊತ್ತಿಸಬೇಕೆಂದು ಕಂಪನಿ ಪಟ್ಟು ಹಿಡಿದಿತ್ತು. ಯಾರಾದರೊಬ್ಬರು ತಪ್ಪಿತಸ್ಥರೆಂದು ತೀರ್ಮಾನವಾದರೆ ಎಲ್ಲರಿಗೂ ಸಲೀಸು.

"ಹಾಗಾದ್ರೆ ಊರವರು ಹೇಳೋದೇ ಸರಿ. ಎಂಬತ್ತು ಅಂತ ಹೇಳಿ ನಲವತ್ತನ್ನ ಮಾರಿದ್ದೀರಿ. ಇಲ್ಲಿ ಬರೆದೂ ಇದೆ."

ಪೈಪಿನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ 80 ಎಂದು ದಪ್ಪಗೆ ಬರೆದಿತ್ತು.

ಮುದುಕಿ ಆ ಅಂಕೆಗಳನ್ನು ದಿಟ್ಟಿಸಿದಳು. "ನಾನು ಎರಡನ್ನೂ ಮಾರಿದ್ದೀನಿ. ಎರಡು ಎಂಬತ್ತು, ಬಾಯ್ಲರಿಗೆ ಒಂದೊಂದು. ಎರಡು ನಲವತ್ತು, ಕೊಳಕ್ಕೆ ಹೋಗೋ ತಣ್ಣೀರಿಗೆ. ಒಂದೇ ಲಾರೀಲಿ ಕಳಿಸಿದ್ದು. ಆ ವರ್ಷ ಚಂಡಮಾರುತ ಬಂತಲ್ಲ, ಆಗ ತಿಂಗಳುಗಟ್ಟಲೆ ಇವರ ಅಂಗಳದಲ್ಲಿ ನೆನೀತಾ ಬಿದ್ದಿದ್ವು. ನನ್ನ ಅಂಗಡಿ ಬರಹ ಅಷ್ಟು ಹೊತ್ತಿಗೆ ತೊಳೆದು ಹೋಗಿರುತ್ತೆ. ಇದು ನಮ್ಮ ಕೈಬರಹ ಅಲ್ಲ."

"ಹಾಗಂತ ನೀವು ಹೇಳ್ತೀರಿ."

"ಉಗುರಲ್ಲಿ ಕೆರೆದು ನೋಡು ಮಗಳೇ. ಪೊಲೀಸಿನವಳ ಉಗುರು ಸುಳ್ಳು ಹೇಳಲ್ಲ ತಾನೆ?"

ಲಿಗಾಯಾ ಕೆರೆದಳು. ಬಣ್ಣ ಹಸಿ ಮೇಣದ ಹಾಗೆ ಸುರುಳಿಯಾಗಿ ಎದ್ದು ಬಂತು. ಮೂಗಿಗೆ ಹಿಡಿದರೆ ಟರ್ಪಂಟೈನಿನ ವಾಸನೆ.

ಈ ಪೈಪು ಎರಡು ಸೀಸನ್ ಕುದಿನೀರು ಹೊತ್ತು, ಶಾಖ ತಡೆಯುವ ಹೊದಿಕೆಯೊಳಗೆ ಸುತ್ತಿಕೊಂಡಿದ್ದದ್ದು. ಬಣ್ಣವೇನಾದರೂ ಮೊದಲೇ ಇದ್ದಿದ್ದರೆ ಸುಟ್ಟು ಕಂದಾಗಿರಬೇಕಿತ್ತು. ಇದು ಹಾಲಿನಷ್ಟು ಬಿಳುಪಾಗಿತ್ತು. ಪೈಪು ಸಿಡಿದು ಹೊದಿಕೆ ಹಾರಿಹೋದ ಮೇಲೆ, ದಾದೊ ಬಿದ್ದ ಜಾಗದಲ್ಲೇ ನಿಂತು ಯಾರೋ ಕುಂಚ ಆಡಿಸಿದ್ದರು.

ಲಿಗಾಯಾ ಬಾಗಿಲ ಕಡೆ ತಿರುಗಿದಳು. "ಬೋಯೆಟ್, ಈ ಬಾಗಿಲಿಗೆ ಮತ್ತೆ ನಮ್ಮ ಮೊಹರು ಹಾಕು. ಅಮ್ಮಾ, ನೀವು ನನ್ನ ಜೊತೆ ಕೊಳಕ್ಕೆ ಬನ್ನಿ."

"ಕೈಕೋಳ ಹಾಕ್ಕೊಂಡಾ, ಹಾಗೇನಾ?"

"ವರ್ನಿಯರ್ ಹಿಡ್ಕೊಂಡು."

*

ಕೊಳ ಕಾರ್ಖಾನೆಯ ಹಿಂದೆ, ಕೆಲಸಗಾರರ ಸಾಲುಮನೆಗಳ ಪಕ್ಕದಲ್ಲಿತ್ತು. ತಣ್ಣೀರಿನ ಪೈಪು ನೆಲದ ಮೇಲೆಯೇ ಬಂದು ನೀರಿನ ಅಂಚಿನಲ್ಲಿ ಬಾಯ್ದೆರೆದು ನಿಂತಿತ್ತು. ಕಾರ್ಖಾನೆ ನಿಂತ ಮೇಲೆ ಅದರಲ್ಲಿ ಹನಿ ನೀರೂ ಇರಲಿಲ್ಲ.

ಯಾಪ್ ಬಗ್ಗಿ ಬಾಯಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದವಳೇ ಅಳತೆಗೂ ಕಾಯದೆ ಕಣ್ಣು ಮುಚ್ಚಿಕೊಂಡಳು.

ಲಿಗಾಯಾ ಅಳೆದಳು. ಹನ್ನೊಂದು.

ತಣ್ಣಗಿನ ಕೊಳದ ನೀರಿಗೆ ಕೋಟೆಗೋಡೆಯಂಥ ಪೈಪು. ಕುದಿಯುವ ನೀರಿಗೆ ತೆಳ್ಳನೆಯದು. ಯಾರೂ ಕದ್ದಿರಲಿಲ್ಲ, ಮಾರಿಕೊಂಡಿರಲಿಲ್ಲ. ಹೊರಗಿನಿಂದ ಒಂದೇ ಥರ ಕಾಣುವ ಎರಡು ವಸ್ತುಗಳು ಅಂಗಳದಲ್ಲಿ ಅದಲುಬದಲಾಗಿದ್ದವು. ಅಷ್ಟಕ್ಕೆ ಒಬ್ಬ ಮನುಷ್ಯ ಸತ್ತಿದ್ದ.

"ಮುಂದಿನ ಜೋಡಣೇನೂ ಬಿಚ್ಚಿಸಿ ನೋಡೋಣ," ಎಂದಳು ಲಿಗಾಯಾ.

ಬೋಲ್ಟು ಬಿಚ್ಚಲು ಕೆಲಸಗಾರನೊಬ್ಬ ಬಂದ. ಅವನ ಹಿಂದೆಯೇ ಕಪ್ಪು ಬಟ್ಟೆಯ ತುಂಡೊಂದನ್ನು ಎದೆಗೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಬಂದು ನಿಂತಳು. ದಾದೊನ ಹೆಂಡತಿ ಮಿನಾಡ. ಯಾಪ್ ಮುದುಕಿಯನ್ನು ಕಂಡೊಡನೆ ಅವಳ ಮುಖ ಕಲ್ಲಾಯಿತು.

"ಇವಳನ್ನ ಇನ್ನೂ ಯಾಕೆ ಹೊರಗೆ ಬಿಟ್ಟಿದ್ದೀರಕ್ಕ? ನನ್ನ ಗಂಡನ ಶವ ಇನ್ನೂ ಮನೇಲಿದೆ. ಮುಖ ತೋರಿಸೋ ಹಾಗಿಲ್ಲ ಅಂತ ಪೆಟ್ಟಿಗೆ ಮುಚ್ಚೇ ಇಟ್ಟಿದ್ದೀವಿ."

ಯಾಪ್ ಒಂದು ಹೆಜ್ಜೆ ಹಿಂದೆ ಸರಿದಳು. ತಲೆ ತಗ್ಗಿಸಿ ನಿಂತಳು.

ಲಿಗಾಯಾ ಮಿನಾಡಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದಳು. "ಒಂದು ಮಾತು ಕೇಳ್ತೀನಿ ತಂಗಿ. ಆ ಪೈಪು ಹಾಕಿದ ದಿನ ದಾದೊ ಮನೇಲಿ ಏನಾದ್ರೂ ಅಂದಿದ್ನಾ?"

ಮಿನಾಡ ಕೊಳದ ಕಡೆ ತಿರುಗಿದಳು. "ಅಂದಿದ್ರು. ಊಟಕ್ಕೆ ಕೂತಾಗ ಭುಜ ತೋರಿಸಿ, ಇವತ್ತು ಹೊತ್ತಿದ್ದು ಹಗುರ ಇತ್ತು ಕಣೇ, ದಪ್ಪದ್ದಾಗಿದ್ರೆ ಚರ್ಮ ಸುಲಿದಿರೋದು ಅಂದ್ರು. ನಂಗೇನು ಗೊತ್ತಾಗುತ್ತೆ? ಹಗುರ ಇದ್ರೆ ಒಳ್ಳೇದಲ್ವಾ ಅಂದೆ."

"ಆಮೇಲೆ?"

"ಆಮೇಲೆ, ಸಾಹೇಬ್ರಿಗೆ ಹೇಳಿದೀನಿ, ಸೀಸನ್ ಮುಗಿದ ಮೇಲೆ ಬದಲಾಯಿಸೋಣ ಅಂದಿದ್ದಾರೆ ಅಂದ್ರು."

"ಯಾವ ಸಾಹೇಬ್ರು?"

"ಗುಸ್ತಿಲೊ ಸಾಹೇಬ್ರು. ಮತ್ಯಾರು?"

ಅರ್ಸೇನಿಯೊ ಗುಸ್ತಿಲೊ ಕಾರ್ಖಾನೆಯ ಮುಖ್ಯ ಎಂಜಿನಿಯರ್. ಅಪ್ಪನಿಲ್ಲದ ಅವಳ ಮದುವೆಯಲ್ಲಿ ಧರ್ಮಪಿತನಾಗಿ ಪಕ್ಕದಲ್ಲಿ ನಿಂತವನು. ಅಂದಿನಿಂದ ಅವಳು ಅವನನ್ನು ಕರೆಯುವುದು ನಿನೋಂಗ್ ಎಂದೇ.

ಹಿಂದಿನಿಂದ ಯಾಪ್ ಕೂಗಿದಳು. ಜೋಡಣೆ ಬಿಚ್ಚಿಕೊಂಡಿತ್ತು. ಎರಡನೆಯ ಪೈಪೂ ಹನ್ನೊಂದೇ ಇತ್ತು.

*

"ಬಾ ಇಂದಾಯ್, ಕೂತ್ಕೋ." ಮನೆಮಗಳನ್ನು ಕರೆಯುವ ಆ ಹೆಸರು ಈ ಕೋಣೆಯಲ್ಲಿ ಲಿಗಾಯಾಳನ್ನು ಚುಚ್ಚಿತು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಗುಸ್ತಿಲೊನ ಮೇಜಿನ ಮೇಲೆ ಬಿದ್ದಿತ್ತು. ಕಪ್ಪು ಬೆಲ್ಲ ತುಂಬಿದ ಪಿಯಾಯಾ ರೊಟ್ಟಿ ಒಂದು ತಟ್ಟೆಯಲ್ಲಿ ಮುಟ್ಟದೆ ಒಣಗಿತ್ತು. ಅವನ ಎರಡೂ ಕೈಗಳಿಗೆ ಬೆರಳ ತುದಿಯವರೆಗೆ ಬಿಳಿ ಪಟ್ಟಿ ಸುತ್ತಿತ್ತು. ಆವಿಯೊಳಗೆ ನುಗ್ಗಿ ದಾದೊನನ್ನು ಹೊರಗೆಳೆದು ತಂದವನು ಅವನೇ.

ಅವಳು ಕೂರಲಿಲ್ಲ. "ಸರ್, ನಾನು ಡ್ಯೂಟಿ ಮೇಲೆ ಬಂದಿದ್ದೀನಿ."

"ಸರ್ ಆಗಿಬಿಟ್ಟೆನಾ? ಸರಿ, ಕೇಳು."

"ಪೈಪು ನಲವತ್ತರದ್ದು."

"ಗೊತ್ತಾಗಿದೆ. ಆ ಅಂಗಡಿಯವಳು..."

"ಅಂಗಡಿಯವಳು ಕಳಿಸಿದ ಎಂಬತ್ತು ಕೊಳದ ಹತ್ರ ಬಿದ್ದಿದೆ. ಈಗಷ್ಟೇ ಅಳೆದು ಬಂದೆ."

ಹೊರಗೆ ಎಲ್ಲೋ ಕಬ್ಬಿನ ಲಾರಿಯೊಂದು ಹಾರ್ನ್ ಮಾಡಿತು.

"ಅದಲುಬದಲಾಗಿದ್ದು ಕಣ್ತಪ್ಪು, ಒಪ್ಕೋತೀನಿ," ಎಂದಳು ಲಿಗಾಯಾ. "ಯಾರಿಗಾದ್ರೂ ಆಗಬಹುದು. ಆದ್ರೆ ದಾದೊ ನಿಮಗೆ ಹೇಳಿದ್ದ. ಹಗುರ ಇದೆ ಅಂತ ಬಂದು ಹೇಳಿದ್ದ. ಹೇಳಿದ್ನೋ ಇಲ್ವೋ?"

"ಯಾರು ಹೇಳಿದ್ರು ನಿನಗೆ?"

"ಅವನ ಹೆಂಡ್ತಿ. ಹೇಳಿದ್ನೋ ಇಲ್ವೋ?"

ಗುಸ್ತಿಲೊ ಪಟ್ಟಿ ಸುತ್ತಿದ ಕೈಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಅವನ್ನೇ ನೋಡಿದ. "ಹೇಳಿದ್ದ. ನೀರು ಬಿಟ್ಟು ಪರೀಕ್ಷೆ ಮಾಡಿದ್ವಿ. ತಡೀತು. ಹೊಸ ಪೈಪು ಯಾವುದೇ ಆದ್ರೂ ತಡಿಯುತ್ತೆ ಇಂದಾಯ್, ಅದೇ ಮೋಸ. ಸವೆಯೋಕೆ ಅಂತ ಇಟ್ಟಿರೋ ಮೈ ಅದಕ್ಕಿಲ್ಲ ಅಂತ ನಂಗೆ ಗೊತ್ತಿತ್ತು. ಒಂದು ಸೀಸನ್ ಅಂದ್ಕೊಂಡೆ. ಮೇಲಿನವರು ಬಾಯ್ಲರ್ ನಿಲ್ಲಿಸೋಕೆ ಬಿಡಲಿಲ್ಲ. ಮುಂದಿನ ಸೀಸನ್ ಅಂದ್ರು. ನಾನೂ ಹೂಂ ಅಂದೆ."

"ದಾದೊ ಮತ್ತೆ ಕೇಳಲಿಲ್ವಾ?"

"ಕೇಳ್ತಿದ್ದ. ಕಂಡಾಗೆಲ್ಲ ತನ್ನ ಭುಜ ತಟ್ಟಿ ತೋರಿಸ್ತಿದ್ದ. ನಗ್ತಾನೇ." ಅವನ ದನಿ ಒಡೆಯಿತು. "ಕೊನೆ ದಿನ ಎಳ್ಕೊಂಡು ಬರುವಾಗ ಆ ಭುಜಾನೇ ಹಿಡಿದಿದ್ದೆ ನಾನು. ಕೈಗೆ ಬಂದುಬಿಡ್ತು..."

ಲಿಗಾಯಾ ಕಿಟಕಿಯ ಕಡೆ ತಿರುಗಿ ನಿಂತಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಯಾವುದನ್ನೂ ಅವನಿಗೆ ತೋರಿಸುವ ಮನಸ್ಸಿರಲಿಲ್ಲ.

"ಇದೆಲ್ಲ ಗೊತ್ತಿದ್ದೂ ಒಬ್ಬ ಮುದುಕಿ ಮನೆಗೆ ಊರೆಲ್ಲ ಕಲ್ಲು ಹೊಡೀವಾಗ ಸುಮ್ನಿದ್ರಿ."

"ನಾನು ಅವಳ ಹೆಸರು ಹೇಳಲಿಲ್ಲ."

"ಬೇಡ ಅಂತಾನೂ ಹೇಳಲಿಲ್ಲ. ಅಷ್ಟೇ ಅಲ್ಲ, ಅವಳ ತಲೆಗೆ ಕಟ್ಟೋಕೆ ಪೈಪಿನ ಮೇಲೆ ಎಂಬತ್ತು ಅಂತ ಬಣ್ಣ ಬೇರೆ ಬಳಿದ್ರಿ."

ಗುಸ್ತಿಲೊ ತಲೆಯೆತ್ತಿದ. ಅವನ ಕಣ್ಣಲ್ಲಿ ಅವಳು ನಿರೀಕ್ಷಿಸಿದ್ದ ಹೆದರಿಕೆ ಇರಲಿಲ್ಲ, ಬರೀ ಗೊಂದಲವಿತ್ತು. "ಯಾವ ಬಣ್ಣ?"

"ನಾಟಕ ಬೇಡ ನಿನೋಂಗ್."

"ಯಾವ ಬಣ್ಣ ಅಂತ ಕೇಳ್ತಿದ್ದೀನಿ." ಅವನು ಕೈಗಳನ್ನು ಎತ್ತಿ ತೋರಿಸಿದ. "ಆ ದಿನ ಆಸ್ಪತ್ರೆಗೆ ಹೋದವನು ಮೊಹರು ಹಾಕಿದ ಮೇಲೇ ಬಂದಿದ್ದು. ಈ ಕೈಲಿ ನಾನು ಚಮಚ ಹಿಡಿಯೋಕಾಗ್ತಿಲ್ಲ, ನನ್ನ ಹೆಂಡ್ತಿ ಉಣ್ಣಿಸ್ತಿದ್ದಾಳೆ. ಕುಂಚ ಹಿಡೀತೀನಾ?"

ಅದು ನಿಜ. ಬೆಳಿಗ್ಗೆ ಕೆರೆದ ಅಂಕೆಗಳು ನಡುಗದ ಕೈಯವು, ಬೆರಳು ನೆಟ್ಟಗಿರುವ ಮನುಷ್ಯನವು. ಅದನ್ನು ನೋಡಿದಾಗಲೇ ಈ ಪಟ್ಟಿಗಳು ತನಗೆ ನೆನಪಾಗಬೇಕಿತ್ತು ಎಂದು ಲಿಗಾಯಾ ತನ್ನನ್ನು ತಾನೇ ಬೈದುಕೊಂಡಳು. ಗುಸ್ತಿಲೊ ಮಾಡಿದ್ದು ಮೌನದ ಪಾಪ. ಅದಕ್ಕೆ ಬಣ್ಣ ಹಚ್ಚಿದವನು ಬೇರೆ.

"ಇರ್ಲಿ," ಎಂದಳು ನಿಧಾನಕ್ಕೆ. "ಬಣ್ಣದ್ದು ಆಮೇಲೆ ನೋಡೋಣ. ಕೊಳದ ಹತ್ರ ಎರಡು ಪೈಪಿದ್ವಲ್ಲ..."

"ಒಂದು ದಪ್ಪದ್ದು, ಒಂದು ತೆಳ್ಳಗಿನದು."

"ಇಲ್ಲ. ಎರಡೂ ದಪ್ಪದ್ದೇ."

ಗುಸ್ತಿಲೊ ಮುಂದಕ್ಕೆ ಬಾಗಿದ. ಮುಖದ ಬಣ್ಣ ನಿಧಾನಕ್ಕೆ ಇಳಿಯಿತು. "ಎರಡಾ?"

"ಎರಡು. ಯಾಕೆ?"

"ದಾದೊ ಒಂದೇ ಅಂದಿದ್ದ. ಅವನು ಹೊತ್ತಿದ್ದು ಒಂದೇ. ಇನ್ನೊಂದನ್ನ ಕ್ರೇನಲ್ಲಿ ಎತ್ತಿದ್ವಿ. ಕ್ರೇನಿಗೆ ಹಗುರ, ಭಾರ ಏನು ಗೊತ್ತಾಗುತ್ತೆ?" ಅವನು ಕುರ್ಚಿ ತಳ್ಳಿ ಎದ್ದ. "ಇಂದಾಯ್, ಕೊಳದಲ್ಲಿ ಎರಡೂ ದಪ್ಪದ್ದೇ ಇದ್ರೆ, ಎರಡನೇ ಬಾಯ್ಲರಿಗೆ ಹೋಗಿರೋದು..."

ಅವನ ಮಾತು ಮುಗಿಯುವ ಮೊದಲೇ ಕಾರ್ಖಾನೆಯ ಸೈರನ್ ಕೂಗಿತು. ಉದ್ದಕ್ಕೆ, ಊರಿಗೆಲ್ಲ ಕೇಳುವ ಹಾಗೆ. ರಸ್ತೆಯಲ್ಲಿ ನಿಂತ ಲಾರಿಗಳ ಚಾಲಕರು ಖುಷಿಯಿಂದ ಒಟ್ಟಿಗೆ ಹಾರ್ನ್ ಒತ್ತತೊಡಗಿದರು.

"ಹೊತ್ತಿಸಿಬಿಟ್ರು," ಎಂದ ಗುಸ್ತಿಲೊ. "ನಾನು ಹೇಳೋವರೆಗೂ ಪ್ರೆಷರ್ ಏರಿಸಬೇಡಿ ಅಂದಿದ್ದೆ. ಫೋನ್ ಮಾಡು, ಎರಡನೇ ಪಂಪ್ ಹೌಸಿಗೆ. ನನ್ನ ಕೈಲಿ ನಂಬರ್ ತಿರುಗಿಸೋಕಾಗಲ್ಲ. ಬೇಗ!"

ಅವನು ಹೇಳಿದ ಅಂಕೆಗಳನ್ನು ಅವಳು ತಿರುಗಿಸಿದಳು. ಆ ಕಡೆ ಯಂತ್ರಗಳ ಗದ್ದಲದ ನಡುವೆ ಗಂಡಸಿನ ದನಿಯೊಂದು ಹಲೋ ಎಂದು ಕಿರುಚಿತು.

"ಪೊಲೀಸ್ ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ಪಂಪ್ ನಿಲ್ಲಿಸಿ. ಎಲ್ಲರನ್ನೂ ಹೊರಗೆ ಕಳಿಸಿ."

"ಏನ್ ಮೇಡಂ? ನಿಲ್ಲಿಸೋದಾ? ಪೂರ್ತಿ ಪ್ರೆಷರಿಗೆ ಹೋಗಿ ಅಂತ ಈಗ್ತಾನೆ ಗುಸ್ತಿಲೊ ಸಾಹೇಬ್ರೇ ಫೋನಲ್ಲಿ ಹೇಳಿದ್ರಲ್ಲ!"

"ಅವರು ಹೇಳಿಲ್ಲ. ನನ್ನ ಎದುರಿಗೇ ಇದ್ದಾರೆ."

"ಅಯ್ಯೋ, ಅವರ ಲೈನಿಂದ್ಲೇ ಬಂತು ಮೇಡಂ, ಸೈರನ್ನಿಗೆ ಮುಂಚೆ..."

ಆಗ ಲಿಗಾಯಾಳಿಗೆ ಕೇಳಿಸಿತು. ಯಂತ್ರದ ಗದ್ದಲಕ್ಕಿಂತ ಹತ್ತಿರ, ಕಿವಿಯ ಪಕ್ಕದಲ್ಲೇ ಎನ್ನುವಷ್ಟು ಹತ್ತಿರ, ಇನ್ನೊಬ್ಬರ ಉಸಿರು. ಅದು ಪಂಪ್ ಹೌಸಿನವನದಲ್ಲ. ಯಾರೋ ಇದೇ ಲೈನಿನಲ್ಲಿ ರಿಸೀವರ್ ಎತ್ತಿ ಹಿಡಿದು ಕೇಳುತ್ತಿದ್ದರು.

"ಯಾರದು?"

ಉಸಿರು ನಿಂತಿತು. ಕಟಕ್ ಎಂದು ಸದ್ದಾಗಿ ಲೈನು ಸತ್ತುಹೋಯಿತು.

ಅವಳು ಮತ್ತೆ ನಂಬರ್ ತಿರುಗಿಸಿದಳು. ಏನೂ ಕೇಳಲಿಲ್ಲ. "ಈ ಫೋನಿಗೆ ಇನ್ನೊಂದು ಕಡೆ ಜೋಡಣೆ ಇದೆಯಾ?"

ಗುಸ್ತಿಲೊ ಪಟ್ಟಿಯ ಕೈಯಿಂದ ಪಕ್ಕದ ಕೋಣೆಯ ಮುಚ್ಚಿದ ಬಾಗಿಲನ್ನು ತೋರಿಸಿದ. "ನಕ್ಷೆ ಕೋಣೇಲಿ. ಆದ್ರೆ ಅಲ್ಲಿಗೆ ಯಾರೂ ಹೋಗೋಕಾಗಲ್ಲ. ತನಿಖೆ ಅಂತ ನೀವೇ ಬೀಗ ಹಾಕಿದ್ದು. ಅದರ ಕೀ ನಿಮ್ಮ ಠಾಣೇಲೇ ಇದೆ, ಇಂದಾಯ್."

ಲಿಗಾಯಾ ಆ ಬಾಗಿಲನ್ನು ನೋಡಿದಳು. ಕೈ ತಾನಾಗಿ ಸೊಂಟದ ಪಿಸ್ತೂಲಿಗೆ ಹೋಯಿತು. ಹತ್ತು ಹೆಜ್ಜೆ ಇಟ್ಟರೆ ಆ ಉಸಿರಿನ ಒಡೆಯ ಸಿಗುತ್ತಿದ್ದ. ಠಾಣೆಯಲ್ಲಿ ತನ್ನ ಪಕ್ಕದ ಮೇಜಿನಲ್ಲಿ ಕುಳಿತು ಕಾಫಿ ಕುಡಿಯುವವನೊಬ್ಬನ ಮುಖವನ್ನು ಅವಳು ನೋಡಬೇಕಾಗುತ್ತಿತ್ತು. ಪೈಪಿಗೆ 80 ಬಳಿದ ಕೈಯೂ ಅವನದೇ ಇರಬೇಕು.

ಕೆಳಗೆ, ಅಂಗಳದಾಚೆ, ಎರಡನೇ ಬಾಯ್ಲರಿನ ಚಿಮಣಿಯಿಂದ ದಟ್ಟ ಹೊಗೆ ಏಳುತ್ತಿತ್ತು. ಕೆಲಸ ಸಿಕ್ಕ ಸಂತೋಷಕ್ಕೆ ಜನ ತಂಡತಂಡವಾಗಿ ಆ ಕಡೆಗೇ ನಡೆಯುತ್ತಿದ್ದರು.

ಅವಳು ಪಿಸ್ತೂಲಿನಿಂದ ಕೈ ತೆಗೆದು ಮೆಟ್ಟಿಲ ಕಡೆಗೆ ಓಡಿದಳು. "ಹೊರಗೆ ಬನ್ನಿ! ಎಲ್ಲರೂ ಹೊರಗೆ ಬನ್ನಿ!" ಲಾರಿಗಳ ಹಾರ್ನಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಅರ್ಧ ಮೆಟ್ಟಿಲು ಇಳಿದಿದ್ದಾಗ ಮೇಲೆ ನಕ್ಷೆ ಕೋಣೆಯ ಬೀಗ ತಿರುಗಿ ಬಾಗಿಲು ತೆರೆದುಕೊಂಡಿತು. ಅದರ ಹಿಂದೆಯೇ, ಗುರುತು ಹಿಡಿದವನ ದಿಗ್ಭ್ರಮೆಯಲ್ಲಿ, ಗುಸ್ತಿಲೊನ ದನಿ ಬಂತು.

"ನೀನಾ?"